ಯಾರೂ ಮುಟ್ಟದ ಕುಕ್ಕರ್

ಊಟಕ್ಕೆ ಕೂರುವ ಮುನ್ನ ಸ್ವಲ್ಪ ಬಿಡುವು ಮಾಡಿಕೊಂಡು ಇದನ್ನೊಮ್ಮೆ ಓದಿ...

ನಗರದ ಒಂದು ದೊಡ್ಡ ಕ್ಯಾನ್ಸರ್ ಆಸ್ಪತ್ರೆ. ಅದರ ಹಿಂದಿನ ಬೀದಿಯಲ್ಲಿ, ರೋಗಿಗಳ ಕಡೆಯವರಿಗೆಂದೇ ಸಣ್ಣ ಸಣ್ಣ ರೂಮುಗಳು ಬಾಡಿಗೆಗೆ ಸಿಗುತ್ತವೆ.

ಮಂಡ್ಯ ಕಡೆಯ ಹಳ್ಳಿಯೊಂದರಿಂದ ಬಂದ ಚೆನ್ನಾಜಮ್ಮ, ಗಂಡ ಬೋರೇಗೌಡರ ಜೊತೆ ಅಂಥದ್ದೊಂದು ರೂಮಿನಲ್ಲಿ ಇಳಿದುಕೊಂಡಿದ್ದಳು.

ಗೌಡರಿಗೆ ಗಂಟಲಿನ ಕ್ಯಾನ್ಸರ್. ದಿನಾ ಹೋಗಿ ಕರೆಂಟ್ ಇಡಿಸಿಕೊಂಡು ಬರಬೇಕು... ರೇಡಿಯೇಷನ್‌ಗೆ ಅಲ್ಲಿ ಎಲ್ಲರೂ ಹಾಗೇ ಹೇಳುವುದು.

ರೂಮಿನಲ್ಲಿ ಗ್ಯಾಸ್ ಹಚ್ಚುವಂತಿರಲಿಲ್ಲ. ಆದರೆ ಗೂಡಿನಲ್ಲಿ ಒಂದು ಹಳೆಯ ಎಲೆಕ್ಟ್ರಿಕ್ ರೈಸ್ ಕುಕ್ಕರ್ ಇತ್ತು. ಹಿಂದೆ ಇದ್ದವರು ಯಾರೋ ಬಿಟ್ಟುಹೋದದ್ದು. ಅದರ ಮುಚ್ಚಳದ ಮೇಲೆ, ಹಣೆಗಿಡುವ ಕೆಂಪು ಸ್ಟಿಕ್ಕರ್ ಅಂಟಿಸಿತ್ತು.

ಸದ್ಯ, ಅನ್ನಕ್ಕೊಂದು ದಾರಿಯಾಯಿತು ಎಂದು ಚೆನ್ನಾಜಮ್ಮ ಅದನ್ನು ಇಳಿಸುವಷ್ಟರಲ್ಲಿ, ಪಕ್ಕದ ರೂಮಿನ ಜಯಶೀಲ ಬಾಗಿಲಲ್ಲೇ ನಿಂತು ಕೂಗಿದಳು.

"ಅಯ್ಯೋ ಅಕ್ಕಾ, ಅದನ್ನ ಮುಟ್ಟಬೇಡಿ! ಅದರಲ್ಲಿ ಬೇಯಿಸಿ ಕೊಟ್ಟ ಒಬ್ಬ ಪೇಷಂಟೂ ಉಳಿದಿಲ್ವಂತೆ... ಈ ಬಿಲ್ಡಿಂಗ್‌ನಲ್ಲಿ ಎಲ್ಲರಿಗೂ ಗೊತ್ತು."

ಕುಕ್ಕರ್ ಮತ್ತೆ ಗೂಡು ಸೇರಿತು.

ಆಮೇಲೆ ಆ ರೂಮಿನಲ್ಲಿ ಅವಳಿಗೆ ನೆಮ್ಮದಿಯಿಲ್ಲ. ಎಲ್ಲಿ ಕೂತರೂ ಆ ಕೆಂಪು ಸ್ಟಿಕ್ಕರ್ ಕಣ್ಣಿನ ಹಾಗೆ ತನ್ನನ್ನೇ ನೋಡುತ್ತಿದೆ ಎನಿಸುವುದು.

ಟವೆಲ್ ಹೊದಿಸಿದಳು... ಟವೆಲಿನ ಒಳಗಿನಿಂದಲೂ ನೋಡುತ್ತಿದೆ ಎನಿಸಿತು.

ಪ್ಲಗ್ಗಿಗೆ ಹಾಕದೆಯೇ ಸ್ವಿಚ್ 'ಟಕ್' ಎಂದ ಹಾಗೆ... ಯಾರೂ ಬೇಯಿಸದ ಅನ್ನದ ಹಬೆ ಮೂಗಿಗೆ ಬಡಿದ ಹಾಗೆ...

ಹೋಟೆಲಿನಿಂದ ಪಾರ್ಸೆಲ್ ತರತೊಡಗಿದಳು. ಖಾರ ತಾಗಿದರೆ ಗೌಡರ ಗಂಟಲು ಧಗಧಗ ಉರಿಯುತ್ತಿತ್ತು. ಇಡ್ಲಿಯನ್ನು ಹಾಲಿನಲ್ಲಿ ಕಿವುಚಿ ಕೊಟ್ಟರೂ ಮುಖ ತಿರುಗಿಸುತ್ತಿದ್ದರು. ಅಂಗಿ ಮೈಮೇಲೆ ಜೋಲತೊಡಗಿತು.

"ಹೀಗೆ ಊಟ ಬಿಟ್ಟರೆ ಟ್ರೀಟ್‌ಮೆಂಟ್ ನಿಲ್ಲಿಸಬೇಕಾಗುತ್ತೆ ಅಮ್ಮ" ಎಂದರು ಡಾಕ್ಟರ್.

ಅವತ್ತು ಮಧ್ಯಾಹ್ನ ಗೌಡರು ಗೋಡೆಗೆ ಒರಗಿ ಕೂತು, ಸಣ್ಣ ದನಿಯಲ್ಲಿ ಕೇಳಿದರು.

"ವಸಿ ಮೆತ್ಗೆ ಅನ್ನ ಬೇಯ್ಸಿ ಕೊಡಮ್ಮಿ... ಅನ್ನ-ತುಪ್ಪ ಸಾಕು ನಂಗೆ."

ಚೆನ್ನಾಜಮ್ಮ ಗೂಡಿನ ಕಡೆ ನೋಡಿದಳು. ಈ ಪೀಡೆ ಇಲ್ಲಿರುವ ತನಕ ಇವರನ್ನು ಬದುಕಲು ಬಿಡುವುದಿಲ್ಲ ಎಂದುಕೊಂಡವಳೇ ಕುಕ್ಕರನ್ನು ಕಂಕುಳಲ್ಲಿಟ್ಟುಕೊಂಡು, ಬೀದಿ ಮೂಲೆಯ ಕಸದ ರಾಶಿಯ ಕಡೆ ಹೊರಟಳು.

ಗೇಟಿನ ಹತ್ತಿರ ಒಬ್ಬ ಹೆಂಗಸು ಎದುರಾದರು. ಕೈಯಲ್ಲಿ ಖಾಲಿ ಬಟ್ಟೆಚೀಲ. ಕುಕ್ಕರ್ ನೋಡಿದವರೇ ನಿಂತುಬಿಟ್ಟರು.

"ಅಮ್ಮ... ಇದನ್ನ ಎಲ್ಲಿಗೆ ತಗೊಂಡು ಹೋಗ್ತಿದೀರಾ?"

"ಎಸೆಯಾಕೆ ಕಣವ್ವ. ಇದ್ರಲ್ಲಿ ಬೇಯ್ಸಿ ಇಕ್ಕಿದ್ರೆ ಸತ್ತೋಯ್ತಾರಂತೆ."

ಆ ಹೆಂಗಸು ಮುಚ್ಚಳದ ಮೇಲೆ ಮೆಲ್ಲಗೆ ಕೈಯಾಡಿಸಿದರು.

"ಈ ಸ್ಟಿಕ್ಕರ್ ಅಂಟಿಸಿದ್ದು... ನನ್ನ ಮಗಳು."

ಚೆನ್ನಾಜಮ್ಮನಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು.

ಅವರ ಹೆಸರು ಸಾವಂತ್ರಮ್ಮ, ತಿಪಟೂರಿನವರು. ಮಗಳ ಚಿಕಿತ್ಸೆಗೆಂದು ಇದೇ ರೂಮಿನಲ್ಲಿದ್ದವರು, ಅವಳು ತೀರಿಕೊಂಡ ದಿನ ಎಲ್ಲವನ್ನೂ ಅಲ್ಲೇ ಬಿಟ್ಟು ಹೋಗಿದ್ದರು. ಈಗ ಧೈರ್ಯ ಮಾಡಿ, ಮಗಳು ಮುಟ್ಟಿದ ಆ ಒಂದು ವಸ್ತುವನ್ನು ಒಯ್ಯಲು ಬಂದಿದ್ದರು.

"ಕೂದಲು ಉದುರಿದ ಮೇಲೆ ಕನ್ನಡಿ ನೋಡೋದನ್ನೇ ಬಿಟ್ಟಿದ್ಲು. ಒಂದಿನ ಹಣೆಯಿಂದ ಸ್ಟಿಕ್ಕರ್ ಕಿತ್ತು ಇದಕ್ಕೆ ಅಂಟಿಸಿ, 'ಅಮ್ಮ, ನಂಗಿಂತ ಇವಳೇ ಚೆನ್ನಾಗಿ ಕಾಣ್ತಾಳೆ' ಅಂದ್ಲು. ಇಬ್ಬರೂ ನಕ್ಕಿದ್ವಿ..."

ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು.

"ಇದು ಯಾರನ್ನೂ ಕೊಂದಿಲ್ಲಮ್ಮ. ನಾವು ಆಸ್ಪತ್ರೆಗೆ ಬಂದಾಗಲೇ ತಡವಾಗಿತ್ತು. ನನ್ನ ಮಗಳು ಹೋದ್ಲು, ನಿಜ... ಆದ್ರೆ ಹಸ್ಕೊಂಡು ಹೋಗ್ಲಿಲ್ಲ."

ಚೆನ್ನಾಜಮ್ಮ ಬಿಕ್ಕಳಿಸಿದಳು.

"ರೂಮಲ್ಲಿ ಯಾರಿದಾರೆ?"

"ನಮ್ಮೆಜಮಾನ್ರು..."

"ಊಟ ಮಾಡಿದ್ರಾ?"

ಚೆನ್ನಾಜಮ್ಮ ಇಲ್ಲವೆಂದು ತಲೆಯಾಡಿಸಿದಳು.

ಇಬ್ಬರೂ ಮೇಲೆ ರೂಮಿಗೆ ಬಂದರು. ಸಾವಂತ್ರಮ್ಮನೇ ಕುಕ್ಕರ್ ತೊಳೆದು, ಅಕ್ಕಿಗೆ ಒಂದು ಹಿಡಿ ಹೆಸರುಬೇಳೆ ಸೇರಿಸಿ, ನೀರು ಧಾರಾಳವಾಗಿ ಹಾಕಿದರು. ಸ್ವಿಚ್ ಒತ್ತಿದಾಗ ಕುಕ್ಕರಿನ ಲೈಟ್ ಹತ್ತಿಕೊಂಡಿತು.

ಹಬೆ ಏಳುವ ತನಕ ಅವರು ಆ ಮುಚ್ಚಳವನ್ನೇ ನೋಡುತ್ತಾ ಕೂತಿದ್ದರು... ಹಿಂದಿನಿಂದ ಯಾರೋ ಈಗ 'ಅಮ್ಮಾ' ಎನ್ನುತ್ತಾರೆ ಎಂಬಂತೆ.

'ಟಕ್' ಎಂದಿತು ಸ್ವಿಚ್. ಇಬ್ಬರೂ ಬೆಚ್ಚಿದರು.

ಆಮೇಲೆ ಚೆನ್ನಾಜಮ್ಮನೇ ಮುಚ್ಚಳ ತೆಗೆದಳು. ಅನ್ನ ಮಸೆದು, ತುಪ್ಪ ಹಾಕಿ, ಆರಿಸಿ ಆರಿಸಿ ಗಂಡನಿಗೆ ತಿನ್ನಿಸಿದಳು.

ತಟ್ಟೆ ಖಾಲಿಯಾದಾಗ ಗೌಡರು ತಲೆ ಎತ್ತಿದರು.

"ಇನ್ನೊಂದ್ ವಸಿ ಇಕ್ಕು."

ಸಾವಂತ್ರಮ್ಮ ಗೋಡೆಯ ಕಡೆ ತಿರುಗಿ ಅಳುತ್ತಿದ್ದರು. ಚೆನ್ನಾಜಮ್ಮ ಅವರಿಗೂ ಒಂದು ತಟ್ಟೆ ಇಟ್ಟಳು. ಮಗಳು ಹೋದ ಮೇಲೆ ಬಿಸಿ ಅನ್ನ ಅವರ ಗಂಟಲಲ್ಲಿ ಇಳಿಯುತ್ತಲೇ ಇರಲಿಲ್ಲ... ಅವತ್ತು ಇಳಿಯಿತು.

ಹೊರಡುವಾಗ ಚೀಲ ಖಾಲಿಯೇ ಇತ್ತು. "ಇಲ್ಲೇ ಇರ್ಲಿ ಬಿಡಿ. ಮನೇಲಿ ನಾನೊಬ್ಬಳು... ಎಷ್ಟು ಬೇಯಿಸ್ಲಿ?" ಎಂದರು.

ಮಾರನೆಯ ದಿನ ಜಯಶೀಲ ಬಾಗಿಲಲ್ಲಿ ನಿಂತಿದ್ದಳು. ಸೆರಗಿನ ಮರೆಯಲ್ಲಿ ಒಂದು ಬಟ್ಟಲು. ಕಣ್ಣು ನೆಲದ ಮೇಲೆ.

"ಅಕ್ಕಾ... ನಮ್ಮತ್ತೆನೂ ಏನೂ ತಿಂತಿಲ್ಲ. ಒಂಚೂರು ಅನ್ನ ಇದ್ರೆ..."

ಚೆನ್ನಾಜಮ್ಮ ಬಟ್ಟಲು ತುಂಬಿಸಿದಳು. ಅವತ್ತಿನಿಂದ ದಿನಾ.

ಗೌಡರ ಟ್ರೀಟ್‌ಮೆಂಟ್ ನಿಲ್ಲಲಿಲ್ಲ. ಮೆಲ್ಲಮೆಲ್ಲಗೆ ಚೇತರಿಸಿಕೊಂಡರು.

ಜಯಶೀಲಳ ಅತ್ತೆ ಉಳಿಯಲಿಲ್ಲ.

ಆ ಬೆಳಿಗ್ಗೆ ಬಿಲ್ಡಿಂಗ್‌ನಲ್ಲಿ ಯಾರೂ ಕುಕ್ಕರಿನ ಮಾತೆತ್ತಲಿಲ್ಲ. ಜಯಶೀಲ ಮಾತ್ರ ಚೆನ್ನಾಜಮ್ಮನ ಹೆಗಲಿಗೆ ಒರಗಿ ಅತ್ತಳು...

"ನಿನ್ನೆ ಎರಡನೇ ಸಲ ಅನ್ನ ಕೇಳಿ ಹಾಕಿಸ್ಕೊಂಡ್ರು ಅಕ್ಕಾ..."

*

ಸಾವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ... ಇರುವಷ್ಟು ದಿನ ನಮ್ಮವರ ಹೊಟ್ಟೆ ತಣ್ಣಗಿಡುವುದು ನಮ್ಮ ಕೈಯಲ್ಲಿದೆ.

ಯಾರೋ ಆಡಿದ ಒಂದು ಮಾತಿಗೆ ಹೆದರಿ, ನಮ್ಮವರಿಗೆ ಸಲ್ಲಬೇಕಾದ ಯಾವ ತುತ್ತನ್ನು ನಾವು ಇವತ್ತು ತಡೆದಿಟ್ಟಿದ್ದೇವೆ?