ಮಿಸ್ ಡಾಲಿಯ ಕ್ಯಾಸೆಟ್

ಮೂರನೆಯ ಸಲ ಹಾಕಿದಾಗಲೂ ಆ ಹೆಂಗಸು ಅದೇ ಜಾಗದಲ್ಲಿ ನಕ್ಕಳು.

ಬೀಟ್ರಿಸ್ ಟೇಪ್‌ರೆಕಾರ್ಡರ್ ನಿಲ್ಲಿಸಿದಳು. ಒಲೆಯ ಮೇಲೆ ಗಂಜಿ ಉಕ್ಕಿ ಹರಿಯುತ್ತಿತ್ತು. ಹರಿಯಲಿ. ಕ್ಯಾಸೆಟ್ ಸಿಕ್ಕಿದ್ದು ಗಂಡ ಎಡ್ವರ್ಡನ ಕಾರಿನ ಸೀಟಿನಡಿ, ಹಳೆಯ ಬನಿಯನ್ನಿನಲ್ಲಿ ಸುತ್ತಿಟ್ಟದ್ದು. ಮೇಲೆ ಅವನದೇ ಅಕ್ಷರದಲ್ಲಿ ಎರಡೇ ಪದ: ಮಿಸ್ ಡಾಲಿ.

ಹನ್ನೊಂದು ವರ್ಷದ ಸಂಸಾರದಲ್ಲಿ ಅವನು ಬಚ್ಚಿಟ್ಟದ್ದು ಏನೂ ಇರಲಿಲ್ಲ. ಇಲ್ಲಿ ಗಲ್ಫಿನಲ್ಲಿ, ರುಸೈಲಿನ ಫ್ಯಾಕ್ಟರಿಯಲ್ಲಿ ಸ್ಟೋರ್ ಕ್ಲಾರ್ಕು. ಐದೂವರೆಗೆ ಮನೆ, ಆರಕ್ಕೆ ಚಹಾ. ಈಗ ಎರಡು ತಿಂಗಳಿಂದ ಪ್ರತಿ ಮಂಗಳವಾರ ಓವರ್‌ಟೈಮ್. ಅವನ ಪರ್ಸಿನಲ್ಲಿದ್ದ ಬೀಟ್ರಿಸಳ ಫೋಟೋ ಕಾಣೆ. ಮೊನ್ನೆ ಪಕ್ಕದ ಮನೆಯ ಝುಬೈದಾ ಬಟ್ಟೆ ಒಣಗಿಸುತ್ತಾ ಹೇಳಿದ್ದಳು: "ನಿಮ್ಮವರನ್ನು ಮತ್ರಾ ಪೇಟೆಯಲ್ಲಿ ಕಂಡೆ ಬೀಟ್ರಿಸಕ್ಕ. ಯಾರದ್ದೋ ಮನೆಯ ಮೆಟ್ಟಿಲು ಹತ್ತುತ್ತಿದ್ದರು. ಕೈಯಲ್ಲಿ ಹಲ್ವದ ಡಬ್ಬಿ ಉಂಟು!"

ತನಗೆ ಹಲ್ವ ತಂದು ಎಷ್ಟು ಕಾಲವಾಯಿತು?

ಟೇಪನ್ನು ಮತ್ತೆ ಹಾಕಿದಳು. ಡಾಲಿಯ ಹಾಡಿನ ಹಿಂದೆ ದೊಡ್ಡ ಬ್ಯಾಂಡು. ಸ್ಯಾಕ್ಸೊಫೋನುಗಳು, ಡ್ರಮ್ಮು, ಬಾಯಿಗೆ ಬಟ್ಟೆ ತುರುಕಿದ ಹಾಗೆ ಮೆತ್ತಗೆ ಊದುವ ಟ್ರಂಪೆಟ್ಟುಗಳು. ಯಾವುದೋ ಹೋಟೆಲಿನ ಹಾಲ್ ಇರಬೇಕು. ಟೇಪಿನ ತುಂಬ ಕರಕರ ಸದ್ದು. ಕದ್ದು ಮಾಡಿದ ರೆಕಾರ್ಡಿಂಗು, ಮತ್ತೇನು. ಆ ಸ್ವರವೋ, ಬೆಲ್ಲದ ಪಾಕ ಎಳೆ ಬಿಟ್ಟ ಹಾಗೆ.

ಬೀಟ್ರಿಸ್‌ಗೆ ಹಾಡು ಬಾರದು. ತಾಯಿಯಿಲ್ಲದ ಅವಳನ್ನು ಉಡುಪಿಯಲ್ಲಿ ಸಾಕಿದ ಮೌಶಿ, ಅಂದರೆ ತಾಯಿಯ ಅಕ್ಕ, ಮನೆಯಲ್ಲಿ ಗುನುಗಲೂ ಬಿಟ್ಟವಳಲ್ಲ. ಚರ್ಚಿನಲ್ಲಿ ಇಂದಿಗೂ ಅವಳು ತುಟಿ ಮಾತ್ರ ಆಡಿಸುತ್ತಾಳೆ. ಈಗ ಕನ್ನಡಿಯ ಮುಂದೆ ನಿಂತು ಡಾಲಿಯ ಹಾಗೆ ನಗಲು ನೋಡಿದಳು. ನಗು ಬಂದೇಬಿಟ್ಟಿತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಶಾಲೆಯಿಂದ ಬಂದ ಮಗಳು ಲವೀನಾ ಚೀಲ ಇಳಿಸುತ್ತಾ ಕೇಳಿಸಿಕೊಂಡಳು. "ಮಮ್ಮಿ, ಶೀ ಲಾಫ್ಸ್ ಲೈಕ್ ಯೂ."

"ಬಾಯಿ ಮುಚ್ಚಿ ಊಟ ಮಾಡು."

ಮಗಳು ಮಲಗಿದ ಮೇಲೆ ಟೇಪನ್ನು ಕೊನೆಯವರೆಗೂ ಬಿಟ್ಟಳು. ಕೊನೆಯ ಹಾಡಿನ ನಡುವೆ ಟ್ರಂಪೆಟ್ಟೊಂದು ಇದ್ದಕ್ಕಿದ್ದಂತೆ ಕಿರುಚಿತು. ಹಿಂದೆಯೇ ಒಂದು ಕೂಸಿನ ಅಳು. ಡಾಲಿ ಹಾಡು ನಿಲ್ಲಿಸಿ, ಅಪ್ಪಟ ಊರ ಕೊಂಕಣಿಯಲ್ಲಿ, "ಅಳಬೇಡ ಬಾಯ್, ಮಮ್ಮಿ ಬಂದೆ," ಅಂದಳು.

ಹೆಣ್ಣುಕೂಸನ್ನು ಬಾಯ್ ಎಂದು ಮುದ್ದಿಸುವುದು ನಮ್ಮ ಊರಲ್ಲೇ. ನಮ್ಮವಳೇ. ಮೇಲೆ ಮಗು ಬೇರೆ.

ಊರಿಗೆ ಕಾಗದ ಬರೆಯುವ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುವುದು ಆ ಬಿಲ್ಡಿಂಗಿನ ಎಲ್ಲ ಮನೆಗಳ ರೂಢಿ. ಹಳೆಯದರ ಮೇಲೆ ಹೊಸದು ತುಂಬುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಯಾರೂ ಅಳಿಸದಿರಲೆಂದು ಎಡ್ವರ್ಡ್ ಈ ಕ್ಯಾಸೆಟ್ಟಿನ ಬೆನ್ನಿನ ಹಲ್ಲು ಮುರಿದಿಟ್ಟಿದ್ದ. ಅಷ್ಟು ಜೋಪಾನ! ಅವಳು ಆ ತೂತಿಗೆ ಪ್ಲಾಸ್ಟರ್ ತುಂಡು ಅಂಟಿಸಿದಳು. ಟೇಪನ್ನು ಮೊದಲಿಗೆ ತಿರುಗಿಸಿದಳು. ರೆಕಾರ್ಡಿನ ಕೆಂಪು ಗುಂಡಿ ಒತ್ತಿದಳು.

ಹನ್ನೊಂದು ವರ್ಷದಲ್ಲಿ ಆಡದ್ದನ್ನೆಲ್ಲ ಆಡಿದಳು. ಗಂಟಲು ಕಟ್ಟುವಷ್ಟರಲ್ಲಿ ಹಾಡುಗಳೆಲ್ಲ ಹೋಗಿ, ತುದಿಯ ಸ್ವಲ್ಪ ಉಳಿದಿತ್ತು. ಪ್ಲಾಸ್ಟರ್ ಕಿತ್ತು, ಬನಿಯನ್ನಿನಲ್ಲಿ ಸುತ್ತಿ, ಸೀಟಿನಡಿ ಇಟ್ಟು ಬಂದಳು. ಮಂಗಳವಾರ ಆ ಡಾಲಿಯ ಜೊತೆ ಕೂತು ಕೇಳಲಿ.

ಮಂಗಳವಾರಕ್ಕೆ ಮೊದಲು ಶುಕ್ರವಾರ ಬಂತು. ಬೀಟ್ರಿಸ್‌ಗೆ ಮೂವತ್ತೈದು ತುಂಬಿದ ದಿನ. ಚರ್ಚಿನ ಪೂಜೆ ಮುಗಿಸಿ ಬಂದು, ಊಟಕ್ಕೆ ಕರೆದಿದ್ದ ಝುಬೈದಾಗೆ ಇಡ್ಲಿಯಂಥ ಸಣ್ಣಾಸು ಬಡಿಸುವಾಗ ಎಡ್ವರ್ಡ್ ಒಬ್ಬ ಮುದುಕರನ್ನು ಕೈಹಿಡಿದು ಕರೆತಂದ. ಮುದುಕರ ಕಂಕುಳಲ್ಲಿ ಸವೆದ ಟ್ರಂಪೆಟ್ ಪೆಟ್ಟಿಗೆ.

"ಇವರು ಫೌಸ್ಟಿನ್ ಅಂಕಲ್. ಮತ್ರಾದಲ್ಲಿ ಮಗನ ಮನೆಯಲ್ಲಿದ್ದಾರೆ. ಮಗ ನಮ್ಮ ಫ್ಯಾಕ್ಟರಿಯಲ್ಲೇ."

ಮತ್ರಾ! ಡಾಲಿಯ ಅಪ್ಪನೋ? ಮನೆಗೇ ಕರೆತರುವ ಧೈರ್ಯವೇ? ಮುದುಕರು ಅವಳನ್ನು ನೋಡಿದವರು ಕಣ್ಣು ಕೀಳಲಿಲ್ಲ.

ಎಡ್ವರ್ಡ್ ಬಣ್ಣದ ಕಾಗದ ಬಿಚ್ಚಿದ. ಒಳಗೆ ಅದೇ ಕ್ಯಾಸೆಟ್. "ಬರ್ತ್‌ಡೇಗೆ ಅಂತ ಎರಡು ತಿಂಗಳಿಂದ ಅಡಗಿಸಿ ಇಟ್ಟದ್ದು ಮಾರಾಯ್ತಿ. ಓವರ್‌ಟೈಮ್ ಎಲ್ಲ ಸುಳ್ಳು. ಅಂಕಲ್ ಹತ್ತಿರ ಇದ್ದ ಹಳೇ ಟೇಪಿನ ಸ್ಪೂಲಿನಿಂದ ತೆಗೆಸಿದ್ದು. ತೆಗೆಯುವಾಗಲೇ ಸ್ಪೂಲು ಪುಡಿಯಾಯಿತು. ಇನ್ನು ಇದೊಂದೇ."

"ಬೇಡ, ಈಗ ಬೇಡ," ಎಂದು ಬೀಟ್ರಿಸ್ ಸೌಟು ಹಿಡಿದೇ ಓಡಿದಳು. ಅವನು ಗುಂಡಿ ಒತ್ತಿಯಾಗಿತ್ತು.

"ಡಾಲಿ ಅಂತೆ ಡಾಲಿ! ನನ್ನ ಗಂಡನೇ ಬೇಕಾಯ್ತಾ ನಿನಗೆ? ಆ ನಿನ್ನ ಸ್ವರ ಅಡಗಿಹೋಗಲಿ!"

ಝುಬೈದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗುಂಡಿಯತ್ತ ಚಾಚಿದ ಎಡ್ವರ್ಡನ ಕೈಯನ್ನು ಫೌಸ್ಟಿನ್ ಮೆಲ್ಲಗೆ ತಡೆದರು. ಬೈಗುಳವಿಡೀ ತಲೆ ತಗ್ಗಿಸಿ ಕೇಳಿದರು. ಕಡೆಗೆ 'ಟಕ್' ಎಂದಿತು. ಮೆತ್ತನೆಯ ಟ್ರಂಪೆಟ್ಟುಗಳು, ಹಾಡಿನ ತುಣುಕು, ಒಂದು ಕಿರುಚು, ಕೂಸಿನ ಅಳು. "ಅಳಬೇಡ ಬಾಯ್, ಮಮ್ಮಿ ಬಂದೆ."

ಟೇಪು ಮುಗಿಯಿತು. ಮುದುಕರು ಜೇಬಿನಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಎಡ್ವರ್ಡನ ಪರ್ಸಿನಿಂದ ಕಾಣೆಯಾಗಿದ್ದ, ಬೀಟ್ರಿಸಳದೇ ಫೋಟೋ.

"ಇವನ ಪರ್ಸಿನಲ್ಲಿ ಈ ಮುಖ ಕಂಡೇ ಗುರುತು ಹಿಡಿದೆ. ಬೊಂಬಾಯಿಯ ಹೋಟೆಲುಗಳಲ್ಲಿ ನಾವು ಹದಿನಾಲ್ಕು ಗಂಡಸರು, ಹಾಡಲಿಕ್ಕೆ ಅವಳೊಬ್ಬಳು," ಎಂದರು. "ಡಾಲಿ ಅಂತ ಹೆಸರಿಟ್ಟದ್ದು ನಾವೇ. ಜನ ಅವಳಿಗಾಗಿ ಬಾಗಿಲಲ್ಲಿ ಕಾಯುತ್ತಿದ್ದರು. ಊರಲ್ಲಿ ಮಾತ್ರ ಮನೆಯವರು ಅವಳ ಹೆಸರೆತ್ತುವುದನ್ನೇ ಬಿಟ್ಟರು. ಕೂಸನ್ನು ನೋಡಿಕೊಳ್ಳುವವರಿಲ್ಲ, ಪ್ರಾಕ್ಟೀಸಿಗೆ ಎತ್ತಿಕೊಂಡೇ ಬರುವಳು. ಅದು ಎಚ್ಚರವಾಗದಿರಲಿ ಅಂತ ಟ್ರಂಪೆಟ್ಟಿನ ಬಾಯಿಗೆ ಟೋಪಿ ಹಿಡಿದು ಊದುತ್ತಿದ್ದೆವು. ಇದು ಅವಳ ಕೊನೆಯ ಪ್ರಾಕ್ಟೀಸು. ಮುಂದಿನ ವಾರ ಜ್ವರ ಬಂತು, ಅದರಲ್ಲೇ ಹೋದಳು."

ಬೀಟ್ರಿಸಳ ಕೈಯಿಂದ ಸೌಟು ಜಾರಿತು. ಅವರು ಅವಳ ತಲೆಯ ಮೇಲೆ ಕೈಯಿಟ್ಟರು.

"ಅವತ್ತು ಟೋಪಿ ಜಾರಿ, ನಿನ್ನನ್ನು ಎಬ್ಬಿಸಿದವನು ನಾನೇ, ಮಗಳೇ."