ಒಂದೇ ಪ್ರತಿ

ಬೆಳಿಗ್ಗೆ ಹನ್ನೊಂದಕ್ಕೆ ಬಾಯ್ಲರ್ ಸ್ಫೋಟದ ವಿಚಾರಣೆ ಶುರುವಾಯಿತು. ಸತ್ತ ಕಾರ್ಮಿಕನ ತಂಗಿ ತಂದಿದ್ದ ಪೆನ್‌ಡ್ರೈವ್ ವಿಚಾರಣಾಧಿಕಾರಿಯ ಕಂಪ್ಯೂಟರ್‌ನಲ್ಲಿ ತೆರೆಯಲಿಲ್ಲ.

“ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತಿದೆಯಲ್ಲಮ್ಮ.”

“ಬೇಡ ಸರ್, ಎಲ್ಲ ಅಳಿಸಿಹೋಗುತ್ತೆ. ಅಣ್ಣ ಲಿನಕ್ಸ್‌ನಲ್ಲಿ ಹಾಕಿಟ್ಟಿದ್ದು, ನಿಮ್ಮ ವಿಂಡೋಸ್ ಓದಲ್ಲ. ಮನೆಯಿಂದ ಅವನ ಲ್ಯಾಪ್‌ಟಾಪ್ ತರ್ತೀನಿ.”

“ಏನಿದೆ ಇದರಲ್ಲಿ?”

“ಬಾಯ್ಲರ್ ಸೋರ್ತಿದೆ ಅಂದ್ರೂ ಮ್ಯಾನೇಜರು ‘ಏನಾಗಲ್ಲ, ಓಡಿಸು’ ಅಂದಿದ್ದು. ಅಣ್ಣನೇ ವಿಡಿಯೊ ಮಾಡಿದ್ದ.”

“ಲ್ಯಾಪ್‌ಟಾಪ್‌ನಲ್ಲೂ ಇದೆಯಾ?”

“ಇಲ್ಲ ಸರ್, ಇದೊಂದೇ.”

“ಬಿಸಿಲಿದೆ, ನಿಧಾನಕ್ಕೆ ಹೋಗಿ ಬಾಮ್ಮ. ಇದು ಇಲ್ಲೇ ಇರಲಿ.”

ಮಧ್ಯಾಹ್ನ ಅವಳು ಲ್ಯಾಪ್‌ಟಾಪ್ ತಂದಳು. ಅದು ಬೇಕಾಗಲಿಲ್ಲ. ಪೆನ್‌ಡ್ರೈವ್ ಈಗ ಅಧಿಕಾರಿಯ ಕಂಪ್ಯೂಟರ್‌ನಲ್ಲೇ ತೆರೆದುಕೊಂಡಿತು. ಒಳಗೆ ಏನೂ ಇರಲಿಲ್ಲ.