ಒಂಟೆಗಂಟೆ ಬೀದಿಯ ಕೊನೆಯ ಅಂಗಡಿ

ಲಿಯೆನ್‌ಳ ಅಂಗಡಿಯ ಕದಕ್ಕೆ ಮೂರನೆಯ ಕಪ್ಪು ಚೀಟಿ ಅಂಟಿಸುವಾಗ ಬೀದಿ ಸಮಿತಿಯ ಅಧ್ಯಕ್ಷೆ ಗೆಂಗ್ ಮೇಡಂ ಅವರ ಮುಖದಲ್ಲಿ ನಿಜವಾಗಿಯೂ ದುಃಖವಿತ್ತು. ಗೋಂದು ಮಾತ್ರ ಸ್ವಲ್ಪ ಹೆಚ್ಚೇ ಬಳಿದರು. ಅಂಗಡಿಯ ಮುಂದಿನ ಜಾಗ ಅಂಗಡಿಯವರ ಹೊಣೆ. ಅದು ಗಲೀಜಾಗಿ ಕಂಡರೆ ಒಂದು ಚೀಟಿ. ಒಂದೇ ವಸಂತದಲ್ಲಿ ಮೂರು ಬಿದ್ದರೆ ಬಾಗಿಲು ಬಂದ್. ಗಂಡ ಸತ್ತ ಮೇಲೆ ಹನ್ನೊಂದು ವರ್ಷ ಗೋಧಿ ಶ್ಯಾವಿಗೆಗೆ ಖಾರದೆಣ್ಣೆ ಕಲಸಿ ಮಾರಿಕೊಂಡು ಬಂದ ಲಿಯೆನ್‌ಗೆ ಆ ಅಂಗಡಿ ಬಿಟ್ಟರೆ ಬೇರೆ ಗತಿ ಇರಲಿಲ್ಲ.

"ಮೇಡಂ, ಇದು ಆರು ಅಂಗಡಿ ಮರಳು. ಎಲ್ಲಾ ನನ್ನ ಬಾಗ್ಲಿಗೇ ಬಂದು ಬೀಳತ್ತೆ. ನಿಮ್ಗೂ ಗೊತ್ತು."

"ಯಾರ ಮರಳು ಅಂತ ಅದರ ಮೇಲೆ ಹೆಸರು ಬರೆದಿರತ್ತಾ, ಲಿಯೆನ್ ಅಕ್ಕ? ಯಾರ ಬಾಗ್ಲಲ್ಲಿ ಬಿದ್ದಿದೆ ಅನ್ನೋದಷ್ಟೇ ನಮ್ಗೆ ಕಾಣೋದು."

ಗೋಬಿ ಮರುಭೂಮಿಯ ಕಡೆಯಿಂದ ಗಾಳಿ ಎದ್ದ ಮರುದಿನ ಬೆಳಿಗ್ಗೆ ಐದು ಗಂಟೆಗೆ ನಮ್ಮ ಬೀದಿಯನ್ನು ನೋಡಬೇಕು. ಎಲ್ಲರ ಕೈಯಲ್ಲೂ ಪೊರಕೆ. "ತಿಂಡಿ ಆಯ್ತಾ?" ಎಂದು ಪಕ್ಕದವರನ್ನು ಎಷ್ಟು ಪ್ರೀತಿಯಿಂದ ಕೇಳುತ್ತಾರೋ, ಅಷ್ಟೇ ಪ್ರೀತಿಯಿಂದ ತಮ್ಮ ಮರಳನ್ನು ಅವರ ಗಡಿಯೊಳಕ್ಕೆ ತಳ್ಳುತ್ತಾರೆ. ಧಾನ್ಯದ ಅಂಗಡಿಯದು ಒಣಹಣ್ಣಿನ ಅಂಗಡಿಗೆ, ಎರಡೂ ಸೇರಿ ಮುಂದಿನದಕ್ಕೆ, ಹೀಗೆ ಚಪ್ಪಲಿ ಅಂಗಡಿ ದಾಟಿ, ಒಲೆ ಮಾರುವ ದೌ ಜೆನ್‌ಬಾಂಗನ ಬಾಗಿಲಿಗೆ ಬರುವಷ್ಟರಲ್ಲಿ ಮರಳು ಮೊಣಕಾಲುದ್ದ ಆಗಿರುತ್ತದೆ. ದೌ ಗಟ್ಟಿ ಆಳು. ಅಷ್ಟನ್ನೂ ಲಿಯೆನ್‌ಳ ಮೆಟ್ಟಿಲಿಗೆ ಒತ್ತಿ, ಬೆವರು ಒರೆಸಿಕೊಂಡು, "ಈ ಸಲ ಗಾಳಿ ಜೋರು, ಅತ್ತಿಗೆ" ಎನ್ನುತ್ತಾನೆ. ಲಿಯೆನ್‌ಳ ಆಚೆ ಇರುವುದು ಸಮಿತಿಯದೇ ಕಚೇರಿ, ಅದರ ಬಾಗಿಲ ಮೇಲೆ ಕ್ಯಾಮೆರಾ. ಅತ್ತ ಪೊರಕೆ ಬೀಸುವ ಧೈರ್ಯ ಯಾರಿಗಿದೆ? ಒಮ್ಮೆ ಅವಳು ಮರಳನ್ನೆಲ್ಲ ಚೀಲಗಳಿಗೆ ತುಂಬಿ ಒಪ್ಪವಾಗಿ ಜೋಡಿಸಿಟ್ಟಿದ್ದಳು. ದಾರಿಗೆ ಅಡ್ಡ ಚೀಲ ಇಟ್ಟದ್ದಕ್ಕೆ ಎರಡನೆಯ ಚೀಟಿ ಬಿದ್ದಿತ್ತು.

ಅಂಗಡಿ ಖಾಲಿ ಮಾಡುವ ದಿನ ಇಡೀ ಬೀದಿ ಬಂದು ಕಣ್ಣೀರು ಹಾಕಿತು. ಬೀಳ್ಕೊಡುವುದರಲ್ಲಿ ನಮ್ಮ ಜನ ಎತ್ತಿದ ಕೈ. ಒಣಹಣ್ಣಿನವರು ಒಂದು ಪೊಟ್ಟಣ ಕೊಟ್ಟರು, ಚಪ್ಪಲಿಯವರು ಕಾಲಳತೆ ಕೇಳದೆ ಒಂದು ಜೊತೆ ಕೊಟ್ಟರು. ದೌ ಹಿಟ್ಟಿನ ಬಾನಿಯನ್ನು ತಾನೇ ಹೊತ್ತು ಗಾಡಿಗೇರಿಸಿದ. ಲಿಯೆನ್ ಮಾತ್ರ ಅಳಲಿಲ್ಲ.

ನಾಲ್ಕನೆಯ ದಿನ ಮತ್ತೆ ಗಾಳಿ ಎದ್ದಿತು. ದೌ ಅಭ್ಯಾಸದಂತೆ ಮರಳನ್ನೆಲ್ಲ ಮುಚ್ಚಿದ ಅಂಗಡಿಯ ಮೆಟ್ಟಿಲಿಗೆ ತಳ್ಳಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಗೆಂಗ್ ಮೇಡಂ ಬಂದು ಅವನ ಕದಕ್ಕೆ ಗೋಂದು ಬಳಿಯತೊಡಗಿದರು.

"ಅಯ್ಯೋ, ಅದು ನನ್ನ ಜಾಗ ಅಲ್ಲ ಮೇಡಂ!"

"ಮುಚ್ಚಿದ ಅಂಗಡಿಗೆ ಯಾರಿದಾರೆ? ಪಕ್ಕದವ್ರೇ ನೋಡ್ಕೋಬೇಕು. ನಿಯಮ ಓದಿಲ್ವಾ, ದೌ ಅಣ್ಣ?"

ಮರುವಾರ ಅವನಿಗೆ ಎರಡನೆಯ ಚೀಟಿಯೂ ಬಿತ್ತು. ದೌ ಹೋದರೆ ಆಮೇಲೆ ಚಪ್ಪಲಿ ಅಂಗಡಿ, ಅದಾದ ಮೇಲೆ ಅದರ ಪಕ್ಕದ್ದು. ಇದನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಅದೇ ಸಂಜೆ ವರ್ತಕರೆಲ್ಲ ಸೇರಿದರು. ಮೂರು ಕೆಟಲ್ ಚಹಾ ಖರ್ಚಾಯಿತು. ಅವರವರ ಮರಳನ್ನು ಅವರವರೇ ಎತ್ತಿದರೆ ಹೇಗೆ ಎಂಬ ಮಾತು ಮಾತ್ರ ಅಪ್ಪಿತಪ್ಪಿಯೂ ಯಾರ ಬಾಯಲ್ಲೂ ಬರಲಿಲ್ಲ. ಲಿಯೆನ್‌ಳನ್ನು ವಾಪಸ್ ಕರೆತರಬೇಕೆಂದು ಕೆಂಪು ಕಾಗದದಲ್ಲಿ ಮನವಿ ಬರೆದು, ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಗೆಂಗ್ ಮೇಡಂ ಕೂಡ ಒಪ್ಪಿದರು. ಇನ್ನು ಬೇಕಾದದ್ದು ಲಿಯೆನ್‌ಳ ಹೆಬ್ಬೆಟ್ಟು ಒಂದೇ.

ಬಸ್ ನಿಲ್ದಾಣದ ಹಿಂದಿನ ಹೋಟೆಲಿನಲ್ಲಿ, ಯಾರದೋ ಅಡುಗೆಮನೆಯಲ್ಲಿ ಲಿಯೆನ್ ಆಲೂಗಡ್ಡೆ ಸುಲಿಯುತ್ತಿದ್ದಳು. ದೌ ಅವಳೆದುರು ಕುಕ್ಕರಗಾಲಲ್ಲಿ ಕುಳಿತು, ಶಾಯಿಪ್ಯಾಡನ್ನು ನೆಲದ ಮೇಲಿಟ್ಟು, ಗಂಟಲು ಸರಿಮಾಡಿಕೊಂಡು ಓದಿದ: "ಲಿಯೆನ್ ಅಕ್ಕ ನಮ್ಮ ಬೀದಿಯ ಹೃದಯ. ಅವರಿಲ್ಲದ ಬೀದಿ ಬೀದಿಯೇ ಅಲ್ಲ."

"ನಾನು ವಾಪಸ್ ಬಂದ್ರೆ ಮರಳು ಎಲ್ಲಿಗೆ ಹೋಗತ್ತೆ?"

"ಅದು ಗಾಳಿ ಕೈಲಿದೆ ಅತ್ತಿಗೆ. ಆದ್ರೆ ನಿಮ್ಮ ಹಳೇ ಚೀಟಿ ಮೂರೂ ವಜಾ! ಮತ್ತೆ ಒಂದರಿಂದ ಎಣಿಸ್ತಾರೆ. ನಾನೇ ಮೇಡಂ ಹತ್ರ ಗೋಗರೆದು ಮಾಡಿಸ್ದೆ."

ಲಿಯೆನ್ ಚಾಕು ಕೆಳಗಿಟ್ಟಳು.

"ಹೃದಯ ಅಂತ ಬರ್ದಿದೀರಲ್ಲ, ನಾಚಿಕೆ ಆಗಲ್ವೇನೋ ನಿಮ್ಗೆ? ಅದನ್ನ ಹೊಡೆದುಹಾಕಿ ಕಸದ ಮೊರ ಅಂತ ಬರಿ. ಆಮೇಲೆ ಕೇಳು ಹೆಬ್ಬೆಟ್ಟು."

ದೌ ಒಂದು ಗಳಿಗೆ ತಲೆ ತಗ್ಗಿಸಿದ. ಅವನಿಗೆ ನಾಚಿಕೆಯಾಯಿತು ಎಂದೇ ಲಿಯೆನ್ ಎಣಿಸಿದಳು. ಅವನು ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದ.

"ತಗೊಳ್ಳಿ ಅತ್ತಿಗೆ, ತಿದ್ದಿದೀನಿ" ಎಂದು ಶಾಯಿಪ್ಯಾಡನ್ನು ಅವಳತ್ತ ಸರಿಸಿದ. "ಎಲ್ಲಿ, ಬೆರಳು ಕೊಡಿ."